ಬಿಟ್ಟುಹೋದ ಒಂದು ಸಂಖ್ಯೆ

ಹನ್ನೆರಡು ಬಾಳೆಯ ಹಣ್ಣುಗಳನ್ನು ಇಬ್ಬರಿಗೆ ಸಮನಾಗಿ ಹಂಚಬಹುದು, ಮೂವರಿಗೆ ಹಂಚಬಹುದು, ನಾಲ್ವರಿಗೂ ಆರು ಮಂದಿಗೂ ಹಂಚಬಹುದು. ಯಾರ ಮನಸ್ಸೂ ನೋಯುವುದಿಲ್ಲ, ಚಾಕುವಿಗೂ ಕೆಲಸವಿಲ್ಲ. ಅದೇ ಬುಟ್ಟಿಗೆ ಇನ್ನೊಂದು ಹಣ್ಣು ಸೇರಿ ಹದಿಮೂರಾಯಿತೆನ್ನೋಣ. ಐಶ್ವರ್ಯವೇನೋ ಹೆಚ್ಚಿತು, ಹಂಚಿಕೆ ಮಾತ್ರ ಕೆಟ್ಟಿತು. ಒಬ್ಬನೇ ಎಲ್ಲವನ್ನೂ ತಿನ್ನಬೇಕು, ಇಲ್ಲವೆ ಹದಿಮೂರು ಮಂದಿ ಒಂದೊಂದನ್ನು ತಿನ್ನಬೇಕು. ಅಕ್ಕಪಕ್ಕದಲ್ಲಿ ಕುಳಿತ ಈ ಎರಡು ಸಂಖ್ಯೆಗಳ ನಡುವೆ ಇಷ್ಟು ಅಂತರವೇಕೆ? ಸಂಖ್ಯೆಗಳೆಲ್ಲವೂ ಒಂದೇ ಬಗೆಯವು, ಒಂದಕ್ಕಿಂತ ಇನ್ನೊಂದು ದೊಡ್ಡದಾಗಿರುವುದಷ್ಟೇ ಅವುಗಳ ವ್ಯತ್ಯಾಸ ಎಂದು ತಿಳಿದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಹಿಂದಿನವರು ಈ ಅಂತರವನ್ನು ಬಲ್ಲವರಾಗಿದ್ದರು. 1957ನೆಯ ಇಸವಿಯ ಏಪ್ರಿಲ್ ಒಂದರಂದು ಭಾರತದಲ್ಲಿ ದಶಮಾಂಶ ಪದ್ಧತಿಯ ನಾಣ್ಯಗಳು ಜಾರಿಗೆ ಬಂದವು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಅಂದರೆ ರೂಪಾಯಿಗೆ 192 ಪೈ. ಈ 192ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಹದಿನಾಲ್ಕು. 100ನ್ನು ಹಾಗೆ ಭಾಗಿಸುವವು ಒಂಬತ್ತು ಮಾತ್ರ. ಮೂವರು ಕೂಲಿಗಳು ಒಂದು ರೂಪಾಯಿಯನ್ನು ಹಂಚಿಕೊಳ್ಳಬೇಕಾದರೆ ಅಂದು ತಲೆಗೆ ಐದಾಣೆ ನಾಲ್ಕು ಪೈ ಸರಿಯಾಗಿ ಸಿಗುತ್ತಿತ್ತು. ನೂರು ಪೈಸೆಯನ್ನು ಮೂವರಿಗೆ ಹಂಚಿದರೆ ಒಂದು ಪೈಸೆ ಅನಾಥವಾಗಿ ಉಳಿಯುತ್ತದೆ. ದಶಮಾಂಶ ಪದ್ಧತಿಯ ಅನುಕೂಲಗಳು ಬೇರೆ ಉಂಟು. ಆದುದರಿಂದಲೇ ಅದು ಬಂದಿತು. ಆದರೆ ಆಣೆ ಹೋದ ಮೇಲೂ ‘ಹದಿನಾರಾಣೆ ಸತ್ಯ’ ಎಂಬ ಮಾತು ಕನ್ನಡದಲ್ಲಿ ಉಳಿದುಕೊಂಡಿದೆ.

ಒಂದು ಸಂಖ್ಯೆಗೆ ಭಾಜಕಗಳೆಷ್ಟು, ಅವು ಏಕೆ ಅಷ್ಟೇ ಇವೆ, ಯಾವ ಸಂಖ್ಯೆಗೆ ಎಲ್ಲಕ್ಕಿಂತ ಹೆಚ್ಚು ಭಾಜಕಗಳು ಎಂದು ವಿಚಾರಿಸುತ್ತ ಕುಳಿತವರನ್ನು ಕಂಡು ಲೋಕವು ನಗುವುದುಂಟು. ಇಂತಹ ಲೆಕ್ಕ ಸಂತೆಯಲ್ಲಿ ಬೇಕಾಗುವುದಿಲ್ಲ, ಪರೀಕ್ಷೆಯಲ್ಲಿ ಬರುವುದಿಲ್ಲ. ಇದು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬುದು ಹಲವರ ಅಭಿಪ್ರಾಯ. ಈ ಅಭಿಪ್ರಾಯವು ತಪ್ಪು. ವಿದ್ಯಾರ್ಥಿಯು ಶಾಲೆಯಲ್ಲಿ ಕಲಿಯಬೇಕಾದ ಅತ್ಯಂತ ಮುಖ್ಯವಾದ ಒಂದು ಗುಣವನ್ನು ಈ ಆಟವು ಕಲಿಸುವಷ್ಟು ಚೆನ್ನಾಗಿ ಮತ್ತಾವ ಪಾಠವೂ ಕಲಿಸುವುದಿಲ್ಲ. ಆ ಗುಣವೇನೆಂಬುದನ್ನು ಮುಂದೆ ನೋಡಬಹುದು. ಮೊದಲು ಆಟವನ್ನೇ ತಿಳಿಯಬೇಕು.

ಯಾವ ಸಂಖ್ಯೆಯನ್ನಾದರೂ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬಿಡಿಸಬಹುದು. ಹನ್ನೆರಡೆಂದರೆ 2 × 2 × 3. ಇದರ ಭಾಜಕವೊಂದನ್ನು ಕಟ್ಟಬೇಕಾದರೆ ಎರಡರ ಭಂಡಾರದಿಂದ ಒಂದನ್ನೂ ತೆಗೆಯದಿರಬಹುದು, ಒಂದನ್ನು ತೆಗೆಯಬಹುದು, ಎರಡನ್ನೂ ತೆಗೆಯಬಹುದು. ಹೀಗೆ ಮೂರು ದಾರಿಗಳು. ಮೂರರ ಭಂಡಾರದಲ್ಲಿ ಇರುವುದು ಒಂದೇ, ಅದನ್ನು ತೆಗೆಯಬಹುದು ಅಥವಾ ಬಿಡಬಹುದು, ಎರಡು ದಾರಿಗಳು. ಮೂರೆರಡಲ ಆರು. ಹನ್ನೆರಡರ ಭಾಜಕಗಳು 1, 2, 3, 4, 6, 12 ಎಂಬ ಆರೇ. ಪ್ರತಿ ಅವಿಭಾಜ್ಯದ ಘಾತಾಂಕಕ್ಕೂ ಒಂದನ್ನು ಕೂಡಿಸಿ, ಬಂದ ಸಂಖ್ಯೆಗಳನ್ನೆಲ್ಲ ಗುಣಿಸಿದರೆ ಭಾಜಕಗಳ ಎಣಿಕೆ ದೊರೆಯುತ್ತದೆ. ನಿಯಮ ಇಷ್ಟೇ, ಇದನ್ನು ಕಂಠಪಾಠ ಮಾಡಬೇಕಾಗಿಲ್ಲ, ಒಮ್ಮೆ ಅರ್ಥವಾದರೆ ಅದು ಮರೆಯುವುದೂ ಇಲ್ಲ.

ಒಂದರಿಂದ ಹನ್ನೆರಡರವರೆಗಿನ ಸಂಖ್ಯೆಗಳ ಭಾಜಕಗಳನ್ನು ಎಣಿಸಿ ಸಾಲಾಗಿ ಬರೆದರೆ 1, 2, 2, 3, 2, 4, 2, 4, 3, 4, 2, 6 ಎಂಬ ಶ್ರೇಣಿ ಬರುತ್ತದೆ. ಮೊದಲ ನೋಟಕ್ಕೆ ಇದರಲ್ಲಿ ಕ್ರಮವೇ ಕಾಣುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಎರಡಕ್ಕೆ ಬಂದು ನಿಲ್ಲುತ್ತದೆ. ಆದರೆ ಸ್ವಲ್ಪ ಹೊತ್ತು ದೃಷ್ಟಿಯಿಟ್ಟು ನೋಡಿದವರಿಗೆ ಒಂದು ವಿಷಯ ತೋರುತ್ತದೆ. ಬೆಸ ಎಣಿಕೆ ಬಂದಿರುವುದು 1, 4, 9 ಎಂಬ ಮೂರು ಸ್ಥಾನಗಳಲ್ಲಿ ಮಾತ್ರ. ಇವು ಮೂರೂ ವರ್ಗ ಸಂಖ್ಯೆಗಳು. ಇದು ಆಕಸ್ಮಿಕವಲ್ಲ. ಭಾಜಕಗಳು ಜೋಡಿಯಾಗಿ ಬರುತ್ತವೆ. ಹನ್ನೆರಡರಲ್ಲಿ ಎರಡಕ್ಕೆ ಆರು ಜೊತೆ, ಮೂರಕ್ಕೆ ನಾಲ್ಕು ಜೊತೆ. ಒಂಬತ್ತರಲ್ಲಿ ಮಾತ್ರ ಮೂರಕ್ಕೆ ಮೂರೇ ಜೊತೆಯಾದುದರಿಂದ ಅದು ಒಂಟಿಯಾಗಿ ನಿಂತು ಎಣಿಕೆಯನ್ನು ಬೆಸ ಮಾಡುತ್ತದೆ. ಹತ್ತಾರು ಸಂಖ್ಯೆಗಳನ್ನು ನೋಡಿ ಊಹಿಸಿದುದು ಎರಡು ವಾಕ್ಯಗಳಲ್ಲಿ ಎಲ್ಲ ಸಂಖ್ಯೆಗಳಿಗೂ ಸಲ್ಲುವ ಸತ್ಯವಾಯಿತು.

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಆಶ್ಚರ್ಯ ಇನ್ನೂ ಹೆಚ್ಚುತ್ತದೆ. ಸರಿಯಾಗಿ ಹತ್ತು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಯಾವುದು? 48. ಹನ್ನೆರಡು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ? 60. ಹಾಗಾದರೆ ನಡುವಿನ ಹನ್ನೊಂದಕ್ಕೆ ಉತ್ತರವು ಐವತ್ತರ ಆಸುಪಾಸಿನಲ್ಲಿರಬೇಕೆಂದು ಯಾರಾದರೂ ಊಹಿಸುತ್ತಾರೆ. ನಿಜವಾದ ಉತ್ತರ 1024. ಹನ್ನೊಂದು ಅವಿಭಾಜ್ಯ ಸಂಖ್ಯೆಯಾದುದರಿಂದ ಅದನ್ನು ಎರಡು ಗುಣಕಗಳಾಗಿ ಒಡೆಯಲು ಬಾರದು. ಒಂದೇ ಅವಿಭಾಜ್ಯವನ್ನು ಹತ್ತು ಬಾರಿ ಗುಣಿಸುವುದಲ್ಲದೆ ಬೇರೆ ದಾರಿಯಿಲ್ಲ. ಊಹೆ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಡ.

ಇಂತಹ ವಿಚಾರ ಪ್ರಾಚೀನರಿಗೆ ಹೊಸದಲ್ಲ. ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೊ ‘ಕಾನೂನುಗಳು’ ಎಂಬ ತನ್ನ ಸಂವಾದದಲ್ಲಿ ಆದರ್ಶ ನಗರದ ಮನೆತನಗಳ ಸಂಖ್ಯೆ 5040 ಇರಬೇಕೆಂದನು. ಆ ಸಂಖ್ಯೆಯು ಒಂದರಿಂದ ಹತ್ತರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವುದರಿಂದ ತೆರಿಗೆಗೂ ಯುದ್ಧಕ್ಕೂ ಭೂಮಿಯ ಹಂಚಿಕೆಗೂ ಅನುಕೂಲವೆಂಬುದು ಅವನ ವಾದ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನರಾಶಿಗಳನ್ನು ಕೂಡಿಸಲು ಛೇದಗಳೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆಯನ್ನು ಕಂಡುಹಿಡಿಯುವ ಕ್ರಮವನ್ನು ಹೇಳಿ, ಅದನ್ನು ‘ನಿರುದ್ಧ’ವೆಂದು ಕರೆದನು. ಇಂದು ಲ.ಸಾ.ಅ. ಎಂದು ಶಾಲೆಯಲ್ಲಿ ಕಲಿಯುವುದು ಇದನ್ನೇ. 1356ರಲ್ಲಿ ನಾರಾಯಣ ಪಂಡಿತನು ‘ಗಣಿತಕೌಮುದಿ’ಯಲ್ಲಿ ಸಂಖ್ಯೆಯೊಂದರ ಭಾಜಕಗಳ ವಿಚಾರಕ್ಕೆಂದೇ ‘ಭಾಗಾದಾನ’ವೆಂಬ ಪ್ರಕರಣವನ್ನು ಮೀಸಲಿಟ್ಟನು.

ಆದರೆ ಈ ವಿಷಯದಲ್ಲಿ ಎಲ್ಲರಿಗಿಂತ ಆಳಕ್ಕೆ ಇಳಿದವರು ಶ್ರೀನಿವಾಸ ರಾಮಾನುಜನ್. 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದ ಅವರು ಗಣಿತವಲ್ಲದ ವಿಷಯಗಳಲ್ಲಿ ತೇರ್ಗಡೆಯಾಗದೆ ಕಾಲೇಜು ಶಿಕ್ಷಣವನ್ನು ಕಳೆದುಕೊಂಡರು. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತೆಯಾದರು. ವರ್ಷಕ್ಕೆ ಇಪ್ಪತ್ತು ಪೌಂಡುಗಳ ಸಂಬಳದ ಗುಮಾಸ್ತನೆಂದು ತಮ್ಮನ್ನು ಪರಿಚಯಿಸಿಕೊಂಡು 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಪ್ರೊಫೆಸರ್ ಹಾರ್ಡಿಯವರಿಗೆ ಪತ್ರ ಬರೆದರು. ಮರುವರ್ಷ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. 1915ರಲ್ಲಿ ಲಂಡನ್ನಿನ ಗಣಿತ ಸಂಘದ ಪತ್ರಿಕೆಯಲ್ಲಿ ಅವರ ಒಂದು ದೀರ್ಘ ಪ್ರಬಂಧ ಪ್ರಕಟವಾಯಿತು. ಅದರ ವಸ್ತು ‘ಅತಿಸಂಯುಕ್ತ ಸಂಖ್ಯೆಗಳು’. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳನ್ನು ಪಡೆದ ಸಂಖ್ಯೆಯೇ ಅತಿಸಂಯುಕ್ತ ಸಂಖ್ಯೆ. 2, 4, 6, 12, 24, 36, 48, 60, 120 ಹೀಗೆ ಅದು ಮುಂದುವರಿಯುತ್ತದೆ. ಪ್ಲೇಟೊವಿನ 5040 ಕೂಡ ಈ ಕುಲಕ್ಕೆ ಸೇರಿದ್ದು. ಅದಕ್ಕೆ ಅರುವತ್ತು ಭಾಜಕಗಳು. ಈ ಕೆಲಸದ ಬಲದಿಂದಲೇ 1916ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ರಾಮಾನುಜನ್ ಅವರಿಗೆ ಪದವಿಯನ್ನು ನೀಡಿತು.

ಆ ಪ್ರಬಂಧದ ಮೊದಲ ಹೆಜ್ಜೆಯನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಅನುಸರಿಸಬಲ್ಲನು. 18 ಎಂದರೆ 2 × 3 × 3. ಅದಕ್ಕೆ ಆರು ಭಾಜಕಗಳು. ಇದರಲ್ಲಿ ಎರಡು ಮತ್ತು ಮೂರರ ಘಾತಾಂಕಗಳನ್ನು ಅದಲುಬದಲು ಮಾಡಿದರೆ 2 × 2 × 3, ಅಂದರೆ 12 ಬರುತ್ತದೆ. ಭಾಜಕಗಳ ಎಣಿಕೆ ಮೊದಲಿನಷ್ಟೇ ಉಳಿಯಿತು, ಸಂಖ್ಯೆ ಮಾತ್ರ ಚಿಕ್ಕದಾಯಿತು. ಆದುದರಿಂದ 18 ಅತಿಸಂಯುಕ್ತವಾಗಲಾರದು. ಅತಿಸಂಯುಕ್ತ ಸಂಖ್ಯೆಯೊಂದರಲ್ಲಿ ಚಿಕ್ಕ ಅವಿಭಾಜ್ಯದ ಘಾತಾಂಕವು ದೊಡ್ಡ ಅವಿಭಾಜ್ಯದ ಘಾತಾಂಕಕ್ಕಿಂತ ಎಂದಿಗೂ ಕಡಿಮೆಯಾಗಿರುವುದಿಲ್ಲ ಎಂಬ ನಿಯಮ ಹೀಗೆ ಸಿದ್ಧವಾಗುತ್ತದೆ. ಇನ್ನೂ ಮುಂದೆ ಹೋಗಿ, 4 ಮತ್ತು 36ನ್ನು ಬಿಟ್ಟರೆ ಉಳಿದ ಎಲ್ಲ ಅತಿಸಂಯುಕ್ತ ಸಂಖ್ಯೆಗಳಲ್ಲಿಯೂ ಕೊನೆಯ ಅವಿಭಾಜ್ಯದ ಘಾತಾಂಕ ಒಂದೇ ಆಗಿರುತ್ತದೆಂದು ರಾಮಾನುಜನ್ ಸಾಧಿಸಿ ತೋರಿಸಿದರು.

ಪ್ರಬಂಧದಲ್ಲಿ ಒಂದು ಕೋಷ್ಟಕವಿದೆ. ನೂರಕ್ಕೂ ಹೆಚ್ಚು ಅತಿಸಂಯುಕ್ತ ಸಂಖ್ಯೆಗಳನ್ನು ರಾಮಾನುಜನ್ ಅದರಲ್ಲಿ ಏರಿಕೆಯ ಕ್ರಮದಲ್ಲಿ ಬರೆದಿದ್ದಾರೆ. ಕೊನೆಯದು ಹದಿಮೂರು ಅಂಕಿಗಳ 6746328388800. ಅದಕ್ಕೆ ಭಾಜಕಗಳು 10080. ಗಣಕಯಂತ್ರವಿಲ್ಲದ ಕಾಲದಲ್ಲಿ ಒಬ್ಬ ಮನುಷ್ಯನು ಕಾಗದದ ಮೇಲೆ ಮಾಡಿದ ಕೆಲಸವಿದು. ಅಷ್ಟು ದೊಡ್ಡ ಕೋಷ್ಟಕದಲ್ಲಿ ಒಂದೇ ಒಂದು ಸಂಖ್ಯೆ ಬಿಟ್ಟುಹೋಗಿದೆ. ಅದು 293318625600.

ಬಿಟ್ಟುಹೋದ ಸಂಖ್ಯೆಯನ್ನು ಪರೀಕ್ಷಿಸಲು ದೊಡ್ಡ ಪಾಂಡಿತ್ಯವೇನೂ ಬೇಡ. ಅದನ್ನು ಬಿಡಿಸಿದರೆ ಎರಡು ಆರು ಬಾರಿ, ಮೂರು ನಾಲ್ಕು ಬಾರಿ, ಐದು ಎರಡು ಬಾರಿ, ಏಳು ಎರಡು ಬಾರಿ, 11, 13, 17, 19 ಒಂದೊಂದು ಬಾರಿ ಬರುತ್ತವೆ. ನಿಯಮದಂತೆ 7 × 5 × 3 × 3 × 2 × 2 × 2 × 2, ಒಟ್ಟು 5040 ಭಾಜಕಗಳು; ಪ್ಲೇಟೊವಿನ ಸಂಖ್ಯೆಯೇ ಇಲ್ಲಿ ಮತ್ತೆ ಮುಖ ತೋರಿಸಿದೆ. ಇದರ ಹಿಂದಿನ ಅತಿಸಂಯುಕ್ತ ಸಂಖ್ಯೆಯಾದ 240940299600ಕ್ಕೆ 4800 ಭಾಜಕಗಳು. ಮುಂದಿನದಾದ 321253732800ಕ್ಕೆ 5376. ಇವೆರಡರ ನಡುವೆ ಅದರ ಸ್ಥಾನ. ನಡುವೆ ಮತ್ತಾವುದೂ ಅದನ್ನು ಮೀರಿಸುವುದಿಲ್ಲವೆಂದು ತೋರಿಸಲು ಇನ್ನಷ್ಟು ಶ್ರಮ ಬೇಕು. ಆದರೆ ಈ ಎಣಿಕೆಗಳು ಸರಿಯೆಂಬುದನ್ನು ಕಾಗದ ಪೆನ್ಸಿಲುಗಳಿದ್ದ ಯಾರಾದರೂ ಅರ್ಧ ಗಂಟೆಯಲ್ಲಿ ತಿಳಿಯಬಹುದು. ಸ್ವಾರಸ್ಯವೆಂದರೆ, ಬಿಟ್ಟುಹೋದ ಈ ಸಂಖ್ಯೆಯನ್ನು 23ರಿಂದ ಗುಣಿಸಿದರೆ ಬರುವುದು ಕೋಷ್ಟಕದ ಕಡೆಯ ಸಂಖ್ಯೆಯೇ.

ಈ ಸಣ್ಣ ಸಂಗತಿಯನ್ನು ಶಾಲೆಯಲ್ಲಿ ಹೇಳಬೇಕೆ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಮಹಾಪುರುಷರ ದೋಷವನ್ನು ಮಕ್ಕಳ ಮುಂದೆ ಎತ್ತಿ ಆಡುವುದು ಅವಿನಯವೆಂದು ಕೆಲವರು ಭಾವಿಸುತ್ತಾರೆ. ಅವರ ದೃಷ್ಟಿಯಲ್ಲಿ ರಾಮಾನುಜನ್ ದೈವಾನುಗ್ರಹದಿಂದ ಎಲ್ಲವನ್ನೂ ಕಂಡವರು. ಅವರನ್ನು ಗೋಡೆಯ ಚಿತ್ರಪಟದಲ್ಲಿಟ್ಟು ಡಿಸೆಂಬರ್ 22ರಂದು ಹೂಮಾಲೆ ಹಾಕಿದರೆ ಸಾಕು. ಇದು ಭಕ್ತಿಯಂತೆ ಕಂಡರೂ ಇದರ ಒಳಗೆ ಸೋಮಾರಿತನ ಅಡಗಿದೆ. ಒಬ್ಬನನ್ನು ಮನುಷ್ಯಮಾತ್ರದವನಲ್ಲವೆಂದು ಕೈಮುಗಿದುಬಿಟ್ಟರೆ ಅವನು ಪಟ್ಟ ಶ್ರಮವನ್ನು ತಾನು ಪಡಬೇಕಾದ ಹೊಣೆ ಕೈಮುಗಿದವನಿಗೆ ತಪ್ಪುತ್ತದೆ. ಆ ಕೋಷ್ಟಕವೇ ಇದಕ್ಕೆ ಉತ್ತರ. ಕನಸಿನಲ್ಲಿ ಕಂಡ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗುವುದಿಲ್ಲ. ಎಣಿಸಿ ಬರೆದ ಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ. ನೂರು ಸಂಖ್ಯೆಗಳನ್ನು ಸರಿಯಾಗಿ ಹಿಡಿದ ಕೈ ಒಂದೆಡೆ ಜಾರಿತು ಎಂಬುದರಲ್ಲಿ ರಾಮಾನುಜನ್ ಅವರ ಹಿರಿಮೆ ಕುಗ್ಗುವುದಿಲ್ಲ. ಆ ಕೈ ಎಷ್ಟು ದುಡಿಯಿತು ಎಂಬುದು ತಿಳಿಯುತ್ತದೆ.

ಇನ್ನೊಂದು ಪಕ್ಷದವರು ‘ಇದರಿಂದ ಪ್ರಯೋಜನವೇನು?’ ಎಂದು ಕೇಳುವವರು. ಅವರಿಗೆ ಕೊಡುವ ರೂಢಿಯ ಉತ್ತರವೊಂದಿದೆ. ಹಾರ್ಡಿಯವರು 1940ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಸಂಖ್ಯಾಶಾಸ್ತ್ರವು ಯುದ್ಧದಂತಹ ಲೌಕಿಕ ಕಾರ್ಯಗಳಿಗೆ ಒದಗದೆ ನಿರ್ಮಲವಾಗಿ ಉಳಿದಿದೆಯೆಂದು ಸಂತೋಷಪಟ್ಟಿದ್ದರು. ನಾಲ್ಕು ದಶಕಗಳು ಕಳೆಯುವ ಮುನ್ನವೇ, 1977ರಲ್ಲಿ, ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು ದೊಡ್ಡ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಬಿಡಿಸುವುದು ಕಷ್ಟವೆಂಬ ಸಂಗತಿಯನ್ನೇ ಬೀಗವಾಗಿ ಮಾಡಿ ಗುಪ್ತಲಿಪಿಯೊಂದನ್ನು ರಚಿಸಿದರು. ಗಣಕಯಂತ್ರಗಳ ನಡುವೆ ಗುಟ್ಟಿನ ಸುದ್ದಿಯನ್ನು ಕಳುಹಿಸಲು ಅದು ಬಳಕೆಗೆ ಬಂದಿತು. ನಿಷ್ಪ್ರಯೋಜಕವೆನಿಸಿದ ವಿದ್ಯೆ ಲೋಕದ ಕಾವಲುಗಾರನಾಯಿತು.

ಈ ಉತ್ತರ ನಿಜ, ಆದರೆ ಸಾಲದು. ಮುಂದೆಂದೋ ಲಾಭ ಬರುವುದೆಂಬ ಆಸೆಯನ್ನು ತೋರಿಸಿ ವಿದ್ಯೆಯನ್ನು ಸಮರ್ಥಿಸುವುದೂ ಒಂದು ಬಗೆಯ ವ್ಯಾಪಾರವೇ. ಹನ್ನೊಂದು ಭಾಜಕಗಳ ಅತಿ ಚಿಕ್ಕ ಸಂಖ್ಯೆ ಯಾವುದೆಂಬ ತಿಳಿವಳಿಕೆಯಿಂದ ಯಾವ ಬೀಗವೂ ಆಗದಿರಬಹುದು, ಯಾವ ಹಣವೂ ಬಾರದಿರಬಹುದು. ಆಗಲೂ ಅದು ಕಲಿಯತಕ್ಕದ್ದೇ. ಏಕೆಂದರೆ ಅದನ್ನು ಕಲಿಯುವಾಗ ವಿದ್ಯಾರ್ಥಿಗೆ ಒಂದು ಅಪೂರ್ವ ಅನುಭವ ದೊರೆಯುತ್ತದೆ. ಇತಿಹಾಸದಲ್ಲಿ ಅವನು ಪುಸ್ತಕವನ್ನು ನಂಬಬೇಕು. ವಿಜ್ಞಾನದಲ್ಲಿ ಬಹುಪಾಲು ಅನ್ಯರ ಪ್ರಯೋಗಾಲಯವನ್ನು ನಂಬಬೇಕು. ಇಲ್ಲಿ ಮಾತ್ರ ಯಾರನ್ನೂ ನಂಬಬೇಕಾಗಿಲ್ಲ. 1024ಕ್ಕೆ ಹನ್ನೊಂದೇ ಭಾಜಕಗಳೆಂಬುದನ್ನು ಬಡವನ ಮಗಳೂ ಪ್ರೊಫೆಸರರೂ ಒಂದೇ ವಿಧವಾಗಿ, ಒಂದೇ ಅಧಿಕಾರದಿಂದ ಹೇಳಬಲ್ಲರು. ಗುರುಗಳು ಹಲಗೆಯ ಮೇಲೆ ತಪ್ಪಾಗಿ ಬರೆದರೆ ಹಿಂದಿನ ಬೆಂಚಿನ ಹುಡುಗನು ಎದ್ದುನಿಂತು ವಿನಯದಿಂದ ತೋರಿಸಿಕೊಡಬಹುದು, ಗುರುಗಳು ಒಪ್ಪಲೇಬೇಕು. ಹೇಳಿದವರು ಯಾರೆಂಬುದನ್ನು ನೋಡದೆ ಹೇಳಿದುದು ನಿಜವೇ ಎಂಬುದನ್ನು ನೋಡುವುದು, ಇದೇ ಮೊದಲು ಹೇಳಿದ ಆ ಗುಣ. ಈ ಗುಣವುಳ್ಳ ಪ್ರಜೆಯನ್ನು ವದಂತಿ ಮರುಳು ಮಾಡಲಾರದು, ದೊಡ್ಡ ಹೆಸರು ಹೆದರಿಸಲಾರದು.

ಯಂತ್ರಗಳು ಬಂದ ಮೇಲೆ ಈ ಶ್ರಮವೆಲ್ಲ ಏಕೆಂದು ಕೇಳುವವರೂ ಇದ್ದಾರೆ. 1990ರ ದಶಕದ ಕೊನೆಯಲ್ಲಿ ಸೈಮನ್ ಕೋಲ್ಟನ್ ಎಂಬ ಸಂಶೋಧಕರು ರಚಿಸಿದ ಗಣಕಕಾರ್ಯಕ್ರಮವೊಂದು ತಾನಾಗಿಯೇ ಒಂದು ಹೊಸ ಬಗೆಯ ಸಂಖ್ಯೆಯನ್ನು ಸೂಚಿಸಿತು: ತನ್ನ ಭಾಜಕಗಳ ಎಣಿಕೆಯಿಂದಲೇ ಭಾಗವಾಗುವ ಸಂಖ್ಯೆ. 1, 2, 8, 9, 12, 18, 24, 36, 40 ಹೀಗೆ ಈ ಶ್ರೇಣಿ ಸಾಗುತ್ತದೆ. ಆ ಮೇಲೆ ನೋಡಿದರೆ 1990ರಲ್ಲಿಯೇ ಕೆನಡಿ ಮತ್ತು ಕೂಪರ್ ಎಂಬಿಬ್ಬರು ಗಣಿತಜ್ಞರು ಅದನ್ನು ಕಂಡಿದ್ದರು. ಯಂತ್ರವು ಶ್ರೇಣಿಯನ್ನು ಕ್ಷಣದಲ್ಲಿ ಉದ್ದ ಮಾಡಬಲ್ಲದು. ಆದರೆ ಶ್ರೇಣಿಯಲ್ಲಿ ಬರುವ ಬೆಸ ಸಂಖ್ಯೆಗಳೆಲ್ಲ ವರ್ಗಗಳೇ ಆಗಿರುವುದೇಕೆ ಎಂಬುದು ತಿಳಿದಾಗ ಆಗುವ ಹರ್ಷವನ್ನು ಅದು ವಿದ್ಯಾರ್ಥಿಯ ಪರವಾಗಿ ಅನುಭವಿಸಲಾರದು. ಬೆಸ ಸಂಖ್ಯೆಯನ್ನು ಸಮಸಂಖ್ಯೆ ಭಾಗಿಸಲಾರದು. ಆದುದರಿಂದ ಅದರ ಭಾಜಕಗಳ ಎಣಿಕೆ ಬೆಸವಾಗಿರಬೇಕು. ಎಣಿಕೆ ಬೆಸವಾಗಿರುವುದು ವರ್ಗ ಸಂಖ್ಯೆಗಳಿಗೆ ಮಾತ್ರವೆಂದು ಆಗಲೇ ತಿಳಿದಿದೆ. ಮೂರು ಮೆಟ್ಟಿಲು ಹತ್ತಿದರೆ ಮಾಳಿಗೆ. ಆ ಮೆಟ್ಟಿಲುಗಳನ್ನು ತನ್ನ ಕಾಲಿನಿಂದಲೇ ಹತ್ತಬೇಕು.

ಎಲ್ಲವೂ ಮುಗಿದುಹೋಗಿದೆಯೆಂದು ವಿದ್ಯಾರ್ಥಿಯು ನಿರಾಶನಾಗಬೇಕಾಗಿಯೂ ಇಲ್ಲ. 14ಕ್ಕೂ 15ಕ್ಕೂ ನಾಲ್ಕು ನಾಲ್ಕು ಭಾಜಕಗಳು. 33, 34, 35 ಎಂಬ ಮೂರಕ್ಕೂ ಹಾಗೆಯೇ. 242ರಿಂದ 245ರವರೆಗಿನ ನಾಲ್ಕಕ್ಕೂ ಆರು ಆರು. ಹೀಗೆ ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಸಮಾನ ಭಾಜಕಗಳಿರುವುದು ಕೊನೆಯಿಲ್ಲದಷ್ಟು ಬಾರಿ ನಡೆಯುವುದೇ? ಮಕ್ಕಳೂ ಕೇಳಬಹುದಾದ ಈ ಪ್ರಶ್ನೆ ಬಹುಕಾಲ ಬಿಡಿಸದೆ ಉಳಿದಿತ್ತು. 1981ರಲ್ಲಿ ಕ್ಲಾಡಿಯಾ ಸ್ಪೈರೊ ಎಂಬಾಕೆ, ಒಂದರ ಬದಲು 5040ರ ಅಂತರದಲ್ಲಿರುವ ಸಂಖ್ಯೆಗಳಿಗೆ ಅದು ಅನಂತ ಬಾರಿ ನಡೆಯುವುದೆಂದು ಸಾಧಿಸಿದರು. ಆ ದಾರಿಯನ್ನೇ ಹಿಡಿದು 1984ರಲ್ಲಿ ಹೀತ್-ಬ್ರೌನ್ ಅಕ್ಕಪಕ್ಕದ ಸಂಖ್ಯೆಗಳಿಗೂ ಅದನ್ನು ಸಾಧಿಸಿದರು. ರಾಮಾನುಜನ್ನರ ಪ್ರಬಂಧವೂ ಅಂದು ಪೂರ್ತಿಯಾಗಿ ಅಚ್ಚಾಗಿರಲಿಲ್ಲ. ಯುದ್ಧಕಾಲದಲ್ಲಿ ಸಂಘದ ಹಣಕಾಸು ಬಿಗಿಯಾಗಿದ್ದುದರಿಂದ ಕಡೆಯ ಭಾಗ ಹೊರಗುಳಿದು, 1920ರಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1997ರಲ್ಲಿ, ಬೆಳಕು ಕಂಡಿತು.

ಆದುದರಿಂದ ಶಾಲೆಗಳಲ್ಲಿ ಪಠ್ಯಕ್ರಮದ ಓಟದ ನಡುವೆಯೂ ವಾರಕ್ಕೆ ಒಂದು ಗಳಿಗೆಯನ್ನು ಇಂತಹ ಎಣಿಕೆಗೆ ಬಿಡುವುದು ಯುಕ್ತ. ಅಂಕಗಳ ಆಸೆಯಿಲ್ಲದೆ, ಬೇಗ ಮುಗಿಸುವ ಅವಸರವಿಲ್ಲದೆ, ಮಕ್ಕಳು ಒಂದರಿಂದ ನೂರರವರೆಗಿನ ಸಂಖ್ಯೆಗಳ ಭಾಜಕಗಳನ್ನು ತಾವೇ ಎಣಿಸಿ ಪಟ್ಟಿ ಮಾಡಲಿ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ತಿದ್ದಲಿ. ತಪ್ಪು ಸಿಕ್ಕಿದಾಗ ಬರೆದವನು ನಾಚಬೇಕಾಗಿಲ್ಲ, ಹಿಡಿದವನು ಬೀಗಬೇಕಾಗಿಲ್ಲ. ರಾಮಾನುಜನ್ ಅವರ ಕೋಷ್ಟಕದಲ್ಲಿಯೂ ಒಂದು ಸಂಖ್ಯೆ ಬಿಟ್ಟುಹೋಗಿತ್ತು. ಅದನ್ನು ಹುಡುಕಿ ಸೇರಿಸಿದವರು ಅವರ ಪುಟಗಳನ್ನು ಸಾಲುಸಾಲಾಗಿ ಓದಿದ್ದರು. ಹೂಮಾಲೆ ಹಾಕಿದವರಿಗಿಂತ ಅವರೇ ಆ ಮಹನೀಯನನ್ನು ಹೆಚ್ಚು ಗೌರವಿಸಿದವರು.